ಸೆರಗಿನೊಳಗಿನ ಕೈ

ರಾಯಚೂರಿನ ಕಿವುಡ ಮಕ್ಕಳ ಶಾಲೆಯ ಗೇಟು ದಾಟುವ ಮೊದಲೇ ಗೋಪಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಎಂಬತ್ತೆರಡರ ಮಾರ್ಚ್ ಬಿಸಿಲು. ದೇವದುರ್ಗದಿಂದ ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಮಗಳಿಗೆ ಏನು ಹೇಳುವುದೆಂದೇ ಲೆಕ್ಕ ಹಾಕಿದ್ದಳು. ಅತ್ತೆ ತಿಮ್ಮವ್ವ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಮಗಳು ಪಕೀರಮ್ಮನಿಗೆ ಕೈಮಾತು ಕಲಿಸಿದವಳು, ಹಟ ಹಿಡಿದು ಈ ಶಾಲೆಗೆ ಹಾಕಿಸಿದವಳು ಆ ಮುದುಕಿಯೇ. ಹೋದ ವರ್ಷ ಅಜ್ಜಿಗೆ ಜ್ವರವೆಂದು ತಿಳಿದದ್ದಕ್ಕೇ ಹುಡುಗಿ ಹೇಳದೆ ಕೇಳದೆ ಹಾಸ್ಟೆಲಿನಿಂದ ಬಸ್‌ಸ್ಟ್ಯಾಂಡಿಗೆ ಓಡಿದ್ದಳು. ಈಗ ಸುದ್ದಿ ಗೊತ್ತಾದರೆ ನಿಲ್ಲುವಳೇ?

"ಏಳನೇ ಇಯತ್ತೆ ಪರೀಕ್ಷಿ ಮುಗಿಯೋತನಕ ಹೇಳಬಾರ್ದಂತ ಮಾಡೀನ್ರಿ ಟೀಚರ್," ಎಂದಳು.

ಹಸೀನಾ ಬೇಗಂ ಟೀಚರ್ ಕನ್ನಡಕ ಒರೆಸಿಕೊಂಡರು. "ಹುಷಾರು ಗೋಪಮ್ಮ. ಕೈ ಎಲ್ಲಿಗೆ ಹೊಂಟದ ಅಂತ ನೋಡೇ ಮಾತು ಹಿಡಿತಾವ ಈ ಹುಡುಗ್ರು. ನಾವು ಮುಗಿಸೋತನಕ ಕಾಯಾಂಗಿಲ್ಲ."

ಗೋಪಮ್ಮನ ಹೆದರಿಕೆ ಇಮ್ಮಡಿಯಾಯಿತು. ಬಾಯಿಯಾದರೆ ಮುಚ್ಚಿಕೊಳ್ಳಬಹುದು, ಕೈಯನ್ನು ಎಲ್ಲಿಡುವುದು?

ಪಕೀರಮ್ಮ ಓಡಿಬಂದವಳೇ ತನ್ನ ಕಿವಿಯ ಹಾಲೆ ಹಿಡಿದು ಜಗ್ಗಿದಳು. ಜೋಲುಗಿವಿಯ ಅಜ್ಜಿಗೆ ಮನೆಯ ಕೈಮಾತಿನಲ್ಲಿ ಅದೇ ಹೆಸರು. ಹೇಗಿದ್ದಾಳೆ ಎಂದು ಹುಬ್ಬೇರಿಸಿದಳು. ಗೋಪಮ್ಮ ಒಂದೇ ಕೈ ಹೊರತೆಗೆದು ಮೊಣಕಾಲು ಮುಟ್ಟಿ ಮುಖ ಕಿವುಚಿದಳು. ಅದೇ ಹಳೇ ಮಂಡಿನೋವು. ಮಗಳು ನಕ್ಕಳು. ಸುಳ್ಳು ದಾಟಿತು.

ಬೇವಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದರು. ಸಜ್ಜೆ ರೊಟ್ಟಿ, ಸೇಂಗಾ ಹಿಂಡಿ. ಎರಡು ತುತ್ತು ತಿಂದು ಹುಡುಗಿ ಮತ್ತೆ ಹಾಲೆ ಜಗ್ಗಿ, ರೊಟ್ಟಿ ತಟ್ಟಿ ತೋರಿಸಿದಳು. ಅಜ್ಜಿಯೇ ಮಾಡಿದ್ದಾ?

ತಲೆಯಾಡಿಸಿದ್ದರೆ ಸಾಕಿತ್ತು. ಗೋಪಮ್ಮ ತಾನೂ ಹಾಲೆ ಹಿಡಿದಳು. ಅಜ್ಜಿ ಎಂದಳು. ಅಲ್ಲಿಂದ ಇಳಿಯುವಾಗ ಅಂಗೈ ತಾನಾಗಿ ಮೇಲ್ಮುಖವಾಗಿ ಹೊರಳತೊಡಗಿತು. ಕರು ಸತ್ತಾಗ ತಿಮ್ಮವ್ವ ಮೊಮ್ಮಗಳಿಗೆ ಹಾಗೆಯೇ ಅಂಗೈ ಹೊರಳಿಸಿ ಸಾವನ್ನು ಹೇಳಿದ್ದಳು. ಗೋಪಮ್ಮ ಗಾಬರಿಯಾಗಿ ಕೈಯನ್ನು ಸೆರಗಿಗೆ ಸೇರಿಸಿದಳು. ಅರ್ಧ ಮಾತ್ರ ಹೊರಳಿತ್ತು.

ಮಗಳ ಬಾಯಿಯಲ್ಲಿ ತುತ್ತು ನಿಂತಿತು. ಸೆರಗಿನೊಳಗಿಂದ ತಾಯಿಯ ಕೈಯನ್ನು ಎಳೆದು, ಮೆಲ್ಲಗೆ ಪೂರ್ತಿ ಅಂಗಾತ ಮಾಡಿ, ಮುಖ ನೋಡಿದಳು. ಗೋಪಮ್ಮ ಹೌದೆಂದು ತಲೆಯಾಡಿಸಿದಳು.

ಇಬ್ಬರೂ ಬಹಳ ಹೊತ್ತು ಅತ್ತರು. ಪರೀಕ್ಷೆ ಹಾಳಾಗಿ ಹೋಗಲಿ, ಈ ಕೂಸನ್ನು ಬಿಟ್ಟು ಹೋಗಲಾರೆ ಅನಿಸಿತು ಗೋಪಮ್ಮನಿಗೆ. ಮನೆ ಎನ್ನಲು ಎರಡೂ ಕೈಗಳನ್ನು ಸೂರಿನಂತೆ ಕೂಡಿಸಬೇಕು. ಅವಳು ಕೈಯೆತ್ತಿದಳು.

ಬೆರಳಿಗೆ ಬೆರಳು ತಾಗುವ ಮೊದಲೇ ಪಕೀರಮ್ಮ ತಲೆ ಅಡ್ಡ ಆಡಿಸಿದಳು. ಕಣ್ಣೊರೆಸಿಕೊಂಡು ಹಾಲೆ ಜಗ್ಗಿದಳು, ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. ಅಜ್ಜಿಗಾಗಿ ಪರೀಕ್ಷೆ ಬರೆಯುತ್ತೇನೆ. ಎದ್ದು ಲಂಗ ಕೊಡವಿಕೊಂಡು ಕ್ಲಾಸಿನ ಕಡೆ ನಡೆದಳು.

ಗೋಪಮ್ಮನ ಕೈಗಳು ಎದೆಯ ಮುಂದೆ, ಒಂದಕ್ಕೊಂದು ತಾಗದೆ, ಹಾಗೇ ಉಳಿದವು.