ಉಪ್ಪುನೀರಿನ ಸೀಸೆ

ಅಕ್ಕ ಗಾಜಿನ ಕಡ್ಡಿಯನ್ನು ಒಣಬಟ್ಟೆಯಲ್ಲಿ ಗಸಗಸ ಉಜ್ಜುತ್ತಿದ್ದಳು. ಹಜಾರದಲ್ಲಿ ಅಪ್ಪನ ಹೆಣ. ಅಳಲಾರದೆ ಅವಳು ಬೆಳಗಿನಿಂದ ಮನೆಯ ಪಾತ್ರೆಗಳನ್ನೆಲ್ಲ ತೊಳೆದಿದ್ದಳು. ಕಿಟಕಿಯಲ್ಲಿದ್ದ ಸೀಸೆಯ ನೀರು ಹಳಸಿತೆಂದು ಚೆಲ್ಲಿ, ಅದರೊಳಗಿದ್ದ ಕಡ್ಡಿಯನ್ನು ಬಿಸಿಲಿಗಿಟ್ಟು, ಈಗ ಹೊಳಪು ಬರಿಸುತ್ತಿದ್ದಳು.

ಅಪ್ಪ ಗಾಜು ತೊಳೆಯುತ್ತಿದ್ದ ಪ್ರಯೋಗಾಲಯದ ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯೋ, ಅದು ಒಣಗಬಾರದಿತ್ತಮ್ಮಾ."

"ಚೊಕ್ಕ ಮಾಡಿದ್ದೂ ತಪ್ಪಾ?"

ತಮ್ಮ ಎದ್ದುಬಂದ. "ಹೆಣ ಇನ್ನೂ ಎತ್ತಿಲ್ಲ, ನಿಮಗೆ ಕಡ್ಡಿ ಚಿಂತೆ! ಇವತ್ತೇ ಬೇಕಿತ್ತಾ?"

"ಇವತ್ತೇ ಬೇಕಿತ್ತಪ್ಪ. ನಮ್ಮ ಲ್ಯಾಬಿನ ತಟ್ಟೆಯಲ್ಲಿ ಬೆಳೀತಿರೋದು ನಿಮ್ಮಪ್ಪನ ಗಡ್ಡೆಯ ಕೋಶಗಳು. ಅವರೇ ಒಪ್ಪಿ ಕೊಟ್ಟಿದ್ರು. ನಿನ್ನೆ ಅದಕ್ಕೆ ಹೊಸ ಔಷಧಿ ಹಾಕಿದೀವಿ, ಇವತ್ತು ಈ ಕಡ್ಡಿಯಿಂದಲೇ ಅಳೀಬೇಕು."

"ಯಾವ ಔಷಧಿ?"

"ಅದೇ. ನೀನು ಬೇಡ ಅಂದಿದ್ದು."

*

ಎರಡು ತಿಂಗಳ ಹಿಂದೆ ಅಪ್ಪ ಇದೇ ಕಿಟಕಿಯ ಬಳಿ ಸೀಸೆಗೆ ಉಪ್ಪುನೀರು ತುಂಬುತ್ತಿದ್ದ.

"ಒಬ್ಬ ಪದವೀಧರ ಇದರ ಅಣ್ಣನ್ನ, ಹಳೇ ಕಡ್ಡಿನ, ಒಣಗಿಸಿ ಕೊಂದ ಕಣೋ. ಅದಕ್ಕೇ ರಜಾ ಬಂದ್ರೆ ಮನೆಗೆ ತರ್ತೀನಿ. ಕೋಶ ಬದುಕಿದೆಯೋ ಸತ್ತಿದೆಯೋ ಮೈಕ್ರೋಸ್ಕೋಪಲ್ಲಿ ಕಾಣುತ್ತೆ. ಸುತ್ತಲ ನೀರಿಗೆ ಎಷ್ಟು ಹುಳಿ ಕಾರ್ತಿದೆ ಅನ್ನೋದು ಈ ಕಡ್ಡಿಗೇ ಗೊತ್ತು. ಹುಳಿ ನಿಂತ್ರೆ ಔಷಧಿ ನಾಟಿತು ಅಂತ." ಆಮೇಲೆ ಮೆಲ್ಲಗೆ, "ಆ ಔಷಧಿ ನಾನೂ ತಗೊಳ್ಳಲಾ?"

"ಜೀವಮಾನವೆಲ್ಲ ಅವರ ಗಾಜು ತೊಳೆದಿದ್ದು ಸಾಲದಾ? ಈಗ ಅವರ ಇಲಿ ಆಗ್ತೀಯಾ?" ಮಗ ಒಪ್ಪಿಗೆಯ ಕಾಗದವನ್ನು ಪರಪರ ಹರಿದಿದ್ದ.

ಅಪ್ಪ ಚೂರುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದ. "ಆಯ್ತು ಬಿಡೋ. ಇಲಿಗೂ ವಯಸ್ಸಾಯ್ತು."

*

ಮೇಡಂ ಚೀಲದಿಂದ ಪುಟ್ಟ ಯಂತ್ರ ತೆಗೆದು, ಕಡ್ಡಿ ಸಿಕ್ಕಿಸಿ, ಒಂದು ದ್ರಾವಣದಲ್ಲಿ ಅದ್ದಿದರು. "ಇದರಲ್ಲಿ ಏಳು ತೋರಿಸ್ಬೇಕು."

ಯಂತ್ರದ ಅಂಕಿ ಒಂದೆಡೆ ನಿಲ್ಲಲಿಲ್ಲ. ಐದು. ಎಂಟು. ಆರು. ಮತ್ತೆ ಐದು.

"ಹಾಗಂದ್ರೆ?" ತಮ್ಮ ಕೇಳಿದ. "ಆ ಔಷಧಿ ಕೊಟ್ಟಿದ್ರೆ ಅಪ್ಪ ಬದುಕ್ತಿದ್ನಾ?"

"ತಟ್ಟೆ ಬೇರೆ, ಮೈ ಬೇರೆ ಕಣಪ್ಪ. ಆ ತಟ್ಟೆಯ ವಿಷಯ ಹೇಳೋಕೂ ಈಗ ಇದರಿಂದಾಗಲ್ಲ."

"ಬೇರೆ ಕಡ್ಡಿ?"

"ಮೊದಲ ಅಳತೆಗಳೆಲ್ಲ ಇದರದ್ದೇ, ಬೇರೆಯದರ ಜೊತೆ ಹೋಲಿಸೋಕಾಗಲ್ಲ. ಸಂಜೆವರೆಗೆ ನೆನೆದ್ರೆ ಸರಿಹೋಗ್ಬಹುದು. ಹೋಗದೆಯೂ ಇರ್ಬಹುದು."

ಸರಿಹೋಗಲಿ ಎಂದು ಬೇಡಿಕೊಳ್ಳಬೇಕೋ, ಹಾಳಾಗಿಹೋಗಲಿ ಎನ್ನಬೇಕೋ ಅವನಿಗೆ ತಿಳಿಯಲಿಲ್ಲ. ಗೂಡಿನಲ್ಲಿ ಅಪ್ಪನ ಇನ್ನೊಂದು ಬಾಟಲಿ ಇತ್ತು. ಮೇಲೆ ಅಪ್ಪನದೇ ಸೊಟ್ಟ ಅಕ್ಷರ: 'ಕುಡಿಯಬೇಡಿ.' ಅದರ ಉಪ್ಪುನೀರನ್ನು ತಮ್ಮ ಸೀಸೆಗೆ ಸುರಿದು ಕಡ್ಡಿಯನ್ನು ಇಳಿಬಿಟ್ಟ.

"ಲೇ, ಹೆಗಲು ಕೊಡು ಬಾರೋ!" ಹೊರಗಿನಿಂದ ಚಿಕ್ಕಪ್ಪ ಕೂಗಿದ.

"ಕೊಡಪ್ಪ, ನಾನು ಹಿಡ್ಕೋತೀನಿ," ಮೇಡಂ ಕೈಚಾಚಿದರು.

ಅವನು ಕೊಡಲಿಲ್ಲ. ಅಪ್ಪನನ್ನು ಎಡ ಹೆಗಲಿಗೆ ತೆಗೆದುಕೊಂಡ. ಮೆಟ್ಟಿಲಲ್ಲಿ ಚಿಕ್ಕಪ್ಪ, "ಎರಡೂ ಕೈ ಹಚ್ಚೋ, ಅಯೋಗ್ಯ!" ಎಂದು ಗದರಿದ. ಅವನ ಬಲಗೈ ಎದೆಗೊತ್ತಿಕೊಂಡ ಸೀಸೆಯ ಮೇಲೇ ಇತ್ತು. ಸೀಸೆಯ ಬಾಯಿಗೆ ಹೆಬ್ಬೆರಳು ಅದುಮಿ, ಒಂದು ಹನಿಯೂ ತುಳುಕದಂತೆ, ಉಳಿದವರ ಹೆಜ್ಜೆಗೆ ಹೆಜ್ಜೆ ಕೂಡಿಸಲಾಗದೆ ನಡೆದ.