ತಪ್ಪು ನಂಬರಿನ ಪೋಸ್ಟರ್

ಅತ್ತೆ ಕಾಣೆಯಾದ ಸುದ್ದಿ ಹುಕ್ಕೇರಿಯಲ್ಲಿದ್ದ ಮಯೂರಿಗೆ ಮುಟ್ಟಿದಾಗ ಬೆಳಗಿನ ಹನ್ನೊಂದಾಗಿತ್ತು. ಮರೆವಿನ ಕಾಯಿಲೆಯಿದ್ದ ಅತ್ತೆ ಲಕ್ಷ್ಮೀಬಾಯಿಯನ್ನು ಮಯೂರಿಯ ಗಂಡ ತೇಜಸ ಗೋಕಾಕದ ದವಾಖಾನೆಗೆ ಕರೆದೊಯ್ದಿದ್ದ. ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ಗುಳಿಗೆ ತರುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು. ಅವನು ಪೊಲೀಸ್ ಠಾಣೆಗೆ ಓಡಿದ್ದ.

ಮಯೂರಿ ಮೂಡಲಗಿಯ ಗೆಳತಿ ಭಾಗ್ಯಾಗೆ ಫೋನ್ ಮಾಡಿದಳು. ಹೋದ ತಿಂಗಳ ಹೊಲಿಗೆ ತರಬೇತಿಯಲ್ಲಿ, ಒಂದೇ ಚಿತ್ರವನ್ನು ಇಬ್ಬರು ತಮ್ಮ ತಮ್ಮ ಮೊಬೈಲಿನಿಂದ ಕೂಡಿ ಮಾಡುವ ಆ್ಯಪನ್ನು ಇಬ್ಬರೂ ಕಲಿತಿದ್ದರು. ಈವರೆಗೆ ಮಾಡಿದ್ದು ಬ್ಲೌಸಿನ ಜಾಹೀರಾತು ಒಂದೇ.

"ಪೋಸ್ಟರ್ ಮಾಡೂಣು. ನೀ ಫೋಟೊ ಹಾಕು, ನಾ ಅಕ್ಷರ ಬರೀತೀನಿ," ಎಂದಳು ಭಾಗ್ಯಾ.

ಆ್ಯಪಿನಲ್ಲಿದ್ದ ಸಿದ್ಧ ಮಾದರಿಯೊಂದನ್ನು ತೆರೆದು ಇಬ್ಬರೂ ಶುರುಮಾಡಿದರು. ಮಯೂರಿ ಫೋಟೊ ದೊಡ್ಡದು ಮಾಡಿದರೆ ಭಾಗ್ಯಾ ಬರೆದ ಸಾಲು ಅದರಡಿ ಮುಚ್ಚಿಹೋಗುತ್ತಿತ್ತು.

"ಸ್ವಲ್ಪ ತಡಿ, ಫೋಟೊ ಮುಟ್ಟಬ್ಯಾಡ."

"ಹೆಂಗ ತಡೀಲಿ? ಅತ್ತಿ ಯಾವ ಬಸ್ ಹತ್ಯಾರೋ ಏನೋ."

ಹನ್ನೆರಡಕ್ಕೆ ಪೋಸ್ಟರ್ ಊರೂರಿನ ವಾಟ್ಸಾಪ್ ಗುಂಪುಗಳಿಗೆ ಹೋಯಿತು. ಅರ್ಧ ಗಂಟೆ ಕಳೆದರೂ ಒಂದು ಕರೆಯೂ ಬರಲಿಲ್ಲ. ಮಯೂರಿ ಪೋಸ್ಟರನ್ನು ಮತ್ತೆ ತೆರೆದಳು. ಕೆಳಗಿದ್ದದ್ದು ಅವಳ ನಂಬರಲ್ಲ, ಮಾದರಿಯಲ್ಲಿ ಮೊದಲೇ ಇದ್ದ ಸುಳ್ಳು ನಂಬರು. ಅವಳು ಕೂಡಲೇ ಫೋನ್ ಮಾಡಿದಳು.

"ಭಾಗ್ಯಾ, ನಂಬರ್ ನೀ ಬದಲಿ ಮಾಡ್ಲಿಲ್ಲೇನ?"

"ನೀ ಮಾಡಿರ್ತಿ ಅನ್ಕೊಂಡ್ನಿ."

ಆ್ಯಪಿನಲ್ಲಿದ್ದ ಪೋಸ್ಟರನ್ನು ತಿದ್ದಬಹುದಿತ್ತು, ಆದರೆ ಜನರ ಮೊಬೈಲು ಸೇರಿದ ಚಿತ್ರವನ್ನು ತಿದ್ದಲಾಗುತ್ತಿರಲಿಲ್ಲ. ಮಯೂರಿ ತನ್ನ ನಂಬರು ಹಾಕಿ, 'ಹಳೆಯ ಪೋಸ್ಟರಿನ ನಂಬರ್ ತಪ್ಪು' ಎಂದು ಮೇಲೆ ಕೆಂಪಕ್ಷರದಲ್ಲಿ ಬರೆದಳು. ಭಾಗ್ಯಾ ಈ ಸಲ ಏನನ್ನೂ ಮುಟ್ಟದೆ ಒಂದೊಂದೇ ಅಂಕಿಯನ್ನು ಎರಡೆರಡು ಸಲ ಓದಿ ಹೇಳಿದಳು. ಅದನ್ನೂ ಕಳಿಸಿದರು.

ಹತ್ತು ನಿಮಿಷಕ್ಕೆ ಕೌಜಲಗಿಯಿಂದ ಫೋನ್ ಬಂತು. ಚಹಾದಂಗಡಿಯ ಮಾಳಪ್ಪ ಎಂಬವರು.

"ನಿಮ್ಮ ಅತ್ತಿಯವರು ಇಲ್ಲೇ ಅದಾರ್ರಿ. ಆಗಳೇ ನಾಕ ಸಲ ಫೋನ್ ಹಚ್ಚಿದ್ನಿ, ಹತ್ತಲಿಲ್ಲ. ಮತ್ತೊಂದ ಬಸ್ ಹತ್ತಾಕ ಹೊಂಟಿದ್ರು, ಕೈ ಹಿಡಿದು ಕುಂಡ್ರಿಸೀನಿ. ಲಗೂನ ಬರ್ರಿ."

ಮಯೂರಿ ತೇಜಸನಿಗೆ ಮೆಸೇಜ್ ಕಳಿಸಿ, ಅವನು ಅಲ್ಲಿ ಮುಟ್ಟುವವರೆಗೂ ಆ ಕರೆ ಮುಗಿಸಲಿಲ್ಲ. ಆಮೇಲೆ ಭಾಗ್ಯಾ ಅಳುತ್ತ ಫೋನ್ ಮಾಡಿದಳು.

"ನಂದ ತಪ್ಪಾತು."

"ಕಳಿಸೋ ಮುಂದ ನಾನೂ ನೋಡ್ಲಿಲ್ಲಲ್ಲ," ಎಂದಳು ಮಯೂರಿ. ಮಾಳಪ್ಪ ಕೈ ಬಿಟ್ಟಿದ್ದರೆ ಅತ್ತೆ ಮತ್ತೊಂದು ಬಸ್ ಹತ್ತಿ ಹೋಗಿಬಿಡುತ್ತಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು.