ಪೆಂಗೆಲಿಯ ಮಣ್ಣುಗುಡ್ಡೆ

ಮೆಲ್ಬರ್ನಿನಲ್ಲಿ ಚರ್ಮ ಹದ ಮಾಡುವವರ ಬಡಾವಣೆಯ ಪರವಾಗಿ ಆಲ್ಬನ್ ಪೆಂಗೆಲಿ ಹನ್ನೊಂದು ವರ್ಷ, ಚೆಂಡನ್ನು ಕೈಯಲ್ಲೂ ಹಿಡಿಯುವ ಅಲ್ಲಿನ ಫುಟ್‌ಬಾಲ್ ಆಡಿದ. ಮೊದಲ ನಾಲ್ಕು ವರ್ಷ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಆಮೇಲೆ ತಂಡದ ಉಳಿದ ಹದಿನೇಳು ಮಂದಿ ಅವನನ್ನು ಹೊತ್ತುಕೊಂಡೇ ಆಡಬೇಕಾಯಿತು. ಓಡಲಾಗದವನನ್ನು ಎದುರಾಳಿಗಳ ಗೋಲಿನ ಮುಂದೆ ನಿಲ್ಲಿಸಿದ್ದರು. ಕ್ಲಬ್ಬಿನ ಅಧ್ಯಕ್ಷರು ಪುರಸಭೆಯಲ್ಲಿ ಕೊಡಿಸಿದ್ದ ಕೆಲಸವೂ ಪೊರಕೆಗೆ ಒರಗಿ ನಿಲ್ಲುವಂಥದ್ದೇ. ತಂಡದಲ್ಲಿ ಹೆಸರಿರುವ ತನಕ ಕೈಯಲ್ಲಿ ಪೊರಕೆ, ಅಷ್ಟೆ.

ಎಲ್ಲರೂ ಚೆಂಡನ್ನು ಕೈಯಿಂದ ಬಿಟ್ಟು ಒದೆಯುವ ಕಾಲ ಬಂದಿತ್ತು. ಪೆಂಗೆಲಿ ಮಾತ್ರ ಹಳೇ ಪದ್ಧತಿ ಬಿಡಲಿಲ್ಲ. ಹಿಮ್ಮಡಿಯಿಂದ ನೆಲ ಕೆದಕಿ, ಮಣ್ಣು ಗುಡ್ಡೆ ಮಾಡಿ, ಚೆಂಡನ್ನು ಅದರ ಮೇಲೆ ಪ್ರತಿಷ್ಠಾಪಿಸಿ, ಹಿಂದೆ ಸರಿದು ಓಡಿ ಬಂದು ಒದೆಯುವನು. ಇದು ಕಲೆ ಎಂದು ಅವನ ನಂಬಿಕೆ.

ಸೆಮಿಫೈನಲ್ ದಿನ ನಾಯಕ ಟೂಹಿ ಮುಲಾಜಿಲ್ಲದೆ ಹೇಳಿದ: "ಇವತ್ತು ನಿನ್ನಿಂದ ಏನೂ ಆಗ್ಲಿಲ್ಲ ಅಂದ್ರೆ, ಶುಕ್ರವಾರ ಕ್ಷೌರದಂಗಡಿ ಕಿಟಕೀಲಿ ತಂಡದ ಪಟ್ಟಿ ಹಾಕಿದಾಗ ನಿನ್ನ ಹೆಸರು ಹುಡುಕೋಕೆ ಬರ್ಬೇಡ."

ಅಂಕಗಳು ಸಮವಾಗಿದ್ದಾಗ ಚೆಂಡು ತಾನಾಗಿ ಬಂದು ಪೆಂಗೆಲಿಯ ಎದೆಗೆ ಬಿತ್ತು. ಅವನು ಹಿಡಿದ; ಹಾಗೆ ಹಿಡಿದವನಿಗೆ ಯಾರೂ ಅಡ್ಡ ಬರದಂತೆ ಒಂದು ಒದೆತ ಸಿಗುತ್ತದೆ. ಮುಕ್ತಾಯದ ಗಂಟೆಯೂ ಹೊಡೆಯಿತು. ಇನ್ನು ಉಳಿದದ್ದು ಅವನೊಬ್ಬನ ಒದೆತ. ನಡುಗಂಬಗಳ ಮಧ್ಯೆ ಹೋದರೆ ಆರು ಅಂಕ, ಪಕ್ಕದಲ್ಲಿ ಹೋದರೂ ಒಂದು. ಒಂದೇ ಸಾಕಿತ್ತು.

"ಪಕ್ಕಕ್ಕಾದ್ರೂ ಹೋಗ್ಲಿ ಮಾರಾಯ, ಕೈಯಿಂದ ಬಿಟ್ಟು ಒದ್ದುಬಿಡು!" ಎಂದು ಟೂಹಿ ಗೋಗರೆದ.

"ನಂಗೇ ಹೇಳ್ಕೊಡ್ತೀಯಾ?" ಎಂದು ಪೆಂಗೆಲಿ ನೆಲ ಕೆದಕತೊಡಗಿದ.

"ಲೋ, ಆಲೂಗಡ್ಡೆ ನೆಡ್ತಿದೀಯೇನೋ?" ಬೇಲಿಯಾಚೆಯಿಂದ ಒಬ್ಬ ಕೂಗಿದ.

"ಇನ್ನೂ ಆಳಕ್ಕೆ ತೋಡೋ, ನೀನೇ ಮಲಗ್ಬಹುದು!" ಎಂದ ಇನ್ನೊಬ್ಬ.

ಪೆಂಗೆಲಿ ಓಡಿ ಬಂದ. ಕೊನೆಯ ಹೆಜ್ಜೆಗೆ ಸರಿಯಾಗಿ ಉತ್ತರದ ಗಾಳಿ ಬೀಸಿ ಚೆಂಡು ವಾಲಿತು. ಅವನ ಬೂಟು ಗುಡ್ಡೆಯನ್ನೇ ಒದೆಯಿತು. ಮಣ್ಣೆಲ್ಲ ಅಂಪೈರನ ಬಿಳಿ ಬಟ್ಟೆಗೆ, ಚೆಂಡು ನಾಲ್ಕು ಮಾರು ದೂರಕ್ಕೆ. ಪಂದ್ಯ ಸಮ. ಮುಂದಿನ ಶನಿವಾರ ಮತ್ತೆ ಆಡಬೇಕು.

ಶುಕ್ರವಾರ ಅವನು ತಲೆ ತಗ್ಗಿಸಿಕೊಂಡೇ ಕ್ಷೌರದಂಗಡಿ ದಾಟುತ್ತಿದ್ದ. ಕ್ಷೌರಿಕ ಹೊರಗೆ ಬಂದು ಕಣ್ಣು ಮಿಟುಕಿಸಿದ. ಪಟ್ಟಿಯಲ್ಲಿ ಪೆಂಗೆಲಿಯದೇ ಮೊದಲ ಹೆಸರು.

"ಭಲೇ ಕಿಲಾಡಿ! ಇನ್ನೊಂದ್ಸಲ ಟಿಕೆಟ್ ಮಾರಿ ಮೈದಾನ ತುಂಬೋ ಹಾಗೆ ಮಾಡ್ದೆ. ಅಧ್ಯಕ್ಷರಿಗೆ ಭಾರೀ ಖುಷಿ."

"ಬೇಕಂತ ಮಾಡಿದ್ದಲ್ಲಯ್ಯಾ. ನಿಜವಾಗ್ಲೂ ತಪ್ಪಿಹೋಯ್ತು."

"ಹೌದೌದು. ನಾನ್ಯಾರಿಗೂ ಹೇಳಲ್ಲ ಬಿಡು."

ಪೆಂಗೆಲಿಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷದಲ್ಲಿ ಅವನು ಒಂದು ಪಂದ್ಯವನ್ನೂ ಮಾರಿರಲಿಲ್ಲ. ಮನೆಗೆ ಬಂದು ಹೆಂಡತಿ ಫ್ಲೋರಿಯ ಮುಂದೆ ಕೂಗಾಡಿದ: "ಈಗ್ಲೇ ಅಧ್ಯಕ್ಷರ ಹತ್ರ ಹೋಗಿ ಸತ್ಯ ಹೇಳ್ತೀನಿ!"

ಕುರಿಮಾಂಸ ಹುರಿಯುತ್ತಿದ್ದ ಫ್ಲೋರಿ ತಿರುಗಿಯೂ ನೋಡಲಿಲ್ಲ. "ಹೋಗಿ ಹೇಳು. ಕಳ್ಳ ಅಂದ್ಕೊಂಡಿರೋದಕ್ಕೆ ಆಡಿಸ್ತಿದಾರೆ. ಮುದುಕ ಅಂತ ಗೊತ್ತಾದ್ರೆ ಆಡಿಸ್ತಾರಾ?"

ಪೆಂಗೆಲಿ ಬಾಗಿಲ ತನಕ ಹೋಗಿ ನಿಂತ. ಆಮೇಲೆ ವಾಪಸು ಬಂದು ಕೂತು, ಬೂಟಿಗೆ ಎಣ್ಣೆ ಹಚ್ಚಿದ.